ಯಾವ ಸಕ್ಕರೆ ಕಾಯಿಲೆ ಎಂದು ಮೊದಲು ಕೇಳೋಣ

ವಿರಾಜಪೇಟೆ ತಾಲ್ಲೂಕಿನ ಒಂದು ಗ್ರಾಮದಲ್ಲಿ, ಕಾಫಿ ಕೊಯ್ಲು ಮುಗಿದ ಬಳಿಕದ ಒಂದು ಭಾನುವಾರ, ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಸಮಯ ಸಾಲದೆ ಅಂದು ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಹಿರಿಯರೇ, ತಾಯಂದಿರೇ, ಸ್ನೇಹಿತರೇ,

ಈ ಜಿಲ್ಲೆಯಲ್ಲಿ ವೈದ್ಯನಾಗಿ ಕಳೆದ ವರ್ಷಗಳಲ್ಲಿ ಒಮ್ಮೆ ಒಂದೇ ವಾರದೊಳಗೆ ನಾನು ಕಂಡ ಇಬ್ಬರನ್ನು ನೆನೆದು ಮಾತು ಆರಂಭಿಸುತ್ತೇನೆ. ಮೊದಲನೆಯವರು ಒಂಬತ್ತು ವರ್ಷದ ಹುಡುಗನೊಬ್ಬನ ತಾಯಿ. ಮೂರು ವಾರಗಳಿಂದ ಹುಡುಗ ಕೊಡಗಟ್ಟಲೆ ನೀರು ಕುಡಿಯುತ್ತಿದ್ದ, ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು, ಚಡ್ಡಿ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದ. ಹೊಟ್ಟೆಹುಳುವೆಂದು ಎಲ್ಲೋ ಔಷಧಿ ಕೊಟ್ಟಿದ್ದರು. ನನ್ನಲ್ಲಿಗೆ ಬರುವಾಗ ಅವನು ಏದುಸಿರು ಬಿಡುತ್ತಿದ್ದ, ಬಾಯಿಂದ ಕಳಿತ ಹಣ್ಣಿನಂಥ ವಾಸನೆ ಬರುತ್ತಿತ್ತು. ಇನ್ಸುಲಿನ್ ಮತ್ತು ಸಲೈನ್‌ನಿಂದ ಹುಡುಗ ಬದುಕಿದ. ಆದರೆ ಆ ತಾಯಿ ಮೂರು ದಿನ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: ಪುತ್ತರಿ ಹಬ್ಬದಲ್ಲಿ ಮಗನಿಗೆ ತಂಬಿಟ್ಟು, ಪಾಯಸ ಹೆಚ್ಚು ಕೊಟ್ಟದ್ದರಿಂದಲೇ ಹೀಗಾಯಿತೇ? ಮನೆಯವರು ಆಗಲೇ ಹಾಗೆಂದು ತೀರ್ಮಾನಿಸಿಬಿಟ್ಟಿದ್ದರು.

ಎರಡನೆಯವರು ಐವತ್ತು ದಾಟಿದ ಒಬ್ಬ ಬೆಳೆಗಾರರು. ಅವರ ರಕ್ತದ ಸಕ್ಕರೆ ಎಂಟು ವರ್ಷಗಳಿಂದ ಗಡಿಯ ಆಚೀಚೆ ತೂಗಾಡುತ್ತಿತ್ತು. ಅದು ಈಗ ಗಡಿ ದಾಟಿದೆ ಎಂದು ನಾನು ಹೇಳಿದಾಗ ಅವರು ತುಂಬ ಸಮಾಧಾನದಿಂದ, ‘ನಮ್ಮ ಅಪ್ಪನಿಗಿತ್ತು, ದೊಡ್ಡಪ್ಪನಿಗಿತ್ತು, ನನಗೂ ಬರಲೇಬೇಕಿತ್ತು ಡಾಕ್ಟ್ರೇ’ ಎಂದರು.

ತಾಯಿಯದು ಯಾವ ತಪ್ಪೂ ಇರಲಿಲ್ಲ, ಆದರೂ ಅವರು ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿದ್ದರು. ಬೆಳೆಗಾರರಿಗೆ ಎಂಟು ವರ್ಷಗಳ ಅವಕಾಶವಿತ್ತು, ಆದರೂ ಅವರು ಅದನ್ನು ಹಣೆಬರಹಕ್ಕೆ ಬಿಟ್ಟಿದ್ದರು. ಇಬ್ಬರಿಗೂ ದಾರಿ ತಪ್ಪಿಸಿದ್ದು ‘ಸಕ್ಕರೆ ಕಾಯಿಲೆ’ ಎಂಬ ಒಂದೇ ಹೆಸರು. ಬೇರೆ ಬೇರೆ ಕಾರಣಗಳಿಂದ ಹುಟ್ಟುವ, ತಡೆಯುವ ದಾರಿಯೂ ಬೇರೆ ಬೇರೆಯಾಗಿರುವ ಹಲವು ಕಾಯಿಲೆಗಳನ್ನು ನಾವು ಅವೆಲ್ಲವೂ ಕೊನೆಗೆ ಮುಟ್ಟುವ ಒಂದು ಲಕ್ಷಣದಿಂದ, ಅಂದರೆ ರಕ್ತದಲ್ಲಿ ಏರುವ ಗ್ಲೂಕೋಸ್‌ನಿಂದ, ಗುರುತಿಸುತ್ತಿದ್ದೇವೆ. ಆದ್ದರಿಂದ ‘ಏಕೆ ಬಂತು’ ಎಂದು ಕೇಳುವ ಮೊದಲು ‘ಯಾವುದು ಬಂತು’ ಎಂದು ಕೇಳಬೇಕು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿವರ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಪ್ರಮೇಹವನ್ನು, ಅಂದರೆ ಮಧುಮೇಹವನ್ನೂ ಒಳಗೊಂಡ ಮೂತ್ರದ ಕಾಯಿಲೆಗಳ ಗುಂಪನ್ನು, ಹುಟ್ಟಿನಿಂದ ಬರುವ ‘ಸಹಜ’ ಮತ್ತು ತಪ್ಪು ಆಹಾರ ವಿಹಾರಗಳಿಂದ ಬರುವ ‘ಅಪಥ್ಯನಿಮಿತ್ತ’ ಎಂದು ಎರಡಾಗಿ ವಿಂಗಡಿಸಲಾಗಿದೆ. ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಅಲ್ಲಿ ವರ್ಣನೆಯಿದೆ. ಕಣ್ಣಿನಿಂದ ನೋಡಿಯೇ ಇಷ್ಟನ್ನು ಕಂಡುಕೊಂಡವರ ಸೂಕ್ಷ್ಮತೆ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ನಮ್ಮ ಭತ್ತದ ಲೆಕ್ಕದಲ್ಲಿ ಹೇಳುತ್ತೇನೆ. ತಿಂದ ಅನ್ನ, ರೊಟ್ಟಿ, ಹಣ್ಣು ಎಲ್ಲವೂ ಕರುಳಿನಲ್ಲಿ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಅದು ಕಣಕ್ಕೆ ಬಂದು ಬಿದ್ದ ಭತ್ತವಿದ್ದಂತೆ. ಅದು ಅಂಗಳದಲ್ಲಿಯೇ ಉಳಿಯಬಾರದು, ಕಣಜ ಸೇರಬೇಕು. ಸ್ನಾಯುಗಳು, ಯಕೃತ್ತು ಮತ್ತು ಕೊಬ್ಬಿನ ಕೋಶಗಳೇ ಆ ಕಣಜಗಳು. ಹೊತ್ತು ಸಾಗಿಸುವ ಆಳು ಇನ್ಸುಲಿನ್. ಈ ಇನ್ಸುಲಿನ್ ಹುಟ್ಟುವುದು ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜ್ಜೀರಕ ಗ್ರಂಥಿಯೊಳಗೆ ಅಲ್ಲಲ್ಲಿ ದ್ವೀಪಗಳಂತೆ ಚದುರಿರುವ ಕೋಶಸಮೂಹಗಳಲ್ಲಿ. ಅವನ್ನು 1869ರಲ್ಲಿ ಗುರುತಿಸಿದವನು ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯ ವಿದ್ಯಾರ್ಥಿ. ಆ ದ್ವೀಪಗಳ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಆಳುಗಳೇ ಇಲ್ಲವಾದರೆ ಒಂದು ಬಗೆಯ ಕಾಯಿಲೆ, ಆಳುಗಳಿದ್ದೂ ಕಣಜ ತುಂಬಿ ಬಾಗಿಲು ಬಿಗಿದುಕೊಂಡರೆ ಇನ್ನೊಂದು ಬಗೆ. ಅಂಗಳದಲ್ಲಿ ಭತ್ತ ರಾಶಿಯಾಗುವುದು ಮಾತ್ರ ಎರಡರಲ್ಲೂ ಒಂದೇ.

ಮೊದಲನೆಯದು ಟೈಪ್ 1. ನಮ್ಮ ಹುಡುಗನಿಗೆ ಬಂದದ್ದು ಇದು. ಸೋಂಕುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಬೀಟಾ ಕೋಶಗಳನ್ನು ಪರಕೀಯವೆಂದು ತಪ್ಪಾಗಿ ತಿಳಿದು ನಾಶ ಮಾಡುತ್ತದೆ. ಈ ನಾಶ ಒಂದು ದಿನದಲ್ಲಿ ಆಗುವುದಲ್ಲ. ಲಕ್ಷಣ ಕಾಣುವುದಕ್ಕೆ ತಿಂಗಳುಗಳು, ಕೆಲವರಲ್ಲಿ ವರ್ಷಗಳ ಮೊದಲೇ ಅದು ಸದ್ದಿಲ್ಲದೆ ಆರಂಭವಾಗಿರುತ್ತದೆ, ಮತ್ತು ಆ ಹಂತದಲ್ಲಿಯೇ ರಕ್ತದಲ್ಲಿ ಅದರ ಗುರುತಾದ ಪ್ರತಿಕಾಯಗಳು (ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳು) ಸಿಗುತ್ತವೆ. ವಂಶವಾಹಿಗಳ ಪಾತ್ರವಿದೆ, ಆದರೆ ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ. ಎಂದರೆ ಹೊರಗಿನ ಪ್ರಚೋದನೆಯೊಂದು ಬೇಕು. ಕರುಳಿಗೆ ತಗಲುವ ಕೆಲವು ವೈರಸ್‌ಗಳ ಮೇಲೆ ಬಲವಾದ ಅನುಮಾನವಿದೆ. ಸಿಹಿ ತಿಂದದ್ದರ ಮೇಲೆ ಇಲ್ಲ. ತಂಬಿಟ್ಟಿನ ಮೇಲೂ ಇಲ್ಲ, ಪಾಯಸದ ಮೇಲೂ ಇಲ್ಲ, ತಾಯಿ ಬಸುರಿಯಾಗಿದ್ದಾಗ ಏನು ಕಂಡಳು, ಏನು ಉಂಡಳು ಎಂಬುದರ ಮೇಲೂ ಇಲ್ಲ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಮಗುವಿಗೆ ದಿನಕ್ಕೆ ನಾಲ್ಕು ಸಲ ಚುಚ್ಚುಮದ್ದು ಕೊಡಬೇಕಾದ ತಾಯಿಯ ಕೈ ಅಪರಾಧ ಭಾವದಿಂದ ನಡುಗಬಾರದು.

1922ಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಾಣಿಗಳ ಮೇದೋಜ್ಜೀರಕದಿಂದ ಇನ್ಸುಲಿನ್ ಅನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಅದನ್ನು ಪಡೆದ ಮೊದಲ ರೋಗಿಯಾದ. ಈ ಕಾಯಿಲೆಯ ಮಗುವಿಗೆ ಇನ್ಸುಲಿನ್ ಊಟದಷ್ಟೇ ಅಗತ್ಯ. ಅದನ್ನು ನಿಲ್ಲಿಸಿ ಬೇರೆ ಔಷಧಿಯಿಂದ ಗುಣಪಡಿಸುತ್ತೇವೆ ಎನ್ನುವವರನ್ನು, ಅವರು ಯಾವ ಪದ್ಧತಿಯವರೇ ಆಗಿರಲಿ, ನಂಬಬೇಡಿ.

ಇದನ್ನು ಬಾರದಂತೆ ತಡೆಯುವ ದಾರಿ ಇಂದಿಗೆ ನಮ್ಮ ಕೈಯಲ್ಲಿಲ್ಲ. ಟೆಪ್ಲಿಜುಮಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪ್ರತಿಕಾಯಗಳು ಕಾಣಿಸಿಕೊಂಡು ಸಕ್ಕರೆ ಏರುಪೇರಾಗತೊಡಗಿದ, ಆದರೆ ಕಾಯಿಲೆ ಇನ್ನೂ ಪೂರ್ಣವಾಗಿ ಬಾರದ ಹಂತದಲ್ಲಿ ಕೊಟ್ಟರೆ ಅದು ಕಾಯಿಲೆಯನ್ನು ಸರಾಸರಿ ಎರಡು ವರ್ಷ ಮುಂದೂಡುತ್ತದೆ. ನಾವು ಇಂದು, ಈ ಊರಿನಲ್ಲಿ ತಡೆಯಬಹುದಾದದ್ದು ತಡವಾದ ಪತ್ತೆಯಿಂದ ಆಗುವ ಸಾವನ್ನು.

ಇನ್ನು ಟೈಪ್ 2. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರಲ್ಲಿ ಬಹುಪಾಲು ಜನರದು ಇದೇ, ಮತ್ತು ತಡೆಯುವ ಅವಕಾಶ ಅತಿ ಹೆಚ್ಚಿರುವುದೂ ಇದರಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಮಧುಮೇಹಪೂರ್ವ ಸ್ಥಿತಿಯಲ್ಲಿರುವವರೂ ಇದ್ದಾರೆ ಎಂದು ಅಂದಾಜಿಸಿತು. ಆ ಎರಡನೆಯ ಸಂಖ್ಯೆ ದೊಡ್ಡದು ಎಂಬುದನ್ನು ಗಮನಿಸಿ. ಬೆಳೆಗಾರರು ಎಂಟು ವರ್ಷ ನಿಂತಿದ್ದದ್ದು ಆ ಗುಂಪಿನಲ್ಲಿ.

ಟೈಪ್ 2ರಲ್ಲಿ ಎರಡು ಕೆಡುಕುಗಳು ಕೂಡಿರುತ್ತವೆ. ಸ್ನಾಯು ಮತ್ತು ಯಕೃತ್ತುಗಳು ಇನ್ಸುಲಿನ್‌ನ ಮಾತು ಕೇಳದಾಗುತ್ತವೆ. ಬೀಟಾ ಕೋಶಗಳು ಅದನ್ನು ಸರಿದೂಗಿಸಲು ಹೆಚ್ಚು ಹೆಚ್ಚು ಇನ್ಸುಲಿನ್ ಹೊರಹಾಕಿ ಕೊನೆಗೆ ದಣಿಯುತ್ತವೆ. ಚರ್ಮದ ಕೆಳಗೆ ಕೂಡಿಡಲು ಜಾಗ ಸಾಲದಾದಾಗ ಕೊಬ್ಬು ಯಕೃತ್ತಿನೊಳಗೂ ಮೇದೋಜ್ಜೀರಕದೊಳಗೂ ನುಗ್ಗುವುದು ಇದರ ಮುಖ್ಯ ಕಾರಣಗಳಲ್ಲೊಂದು. ರಾತ್ರಿ ನಾವು ಉಪವಾಸವಿರುವಾಗ ಯಕೃತ್ತು ತನ್ನ ದಾಸ್ತಾನಿನಿಂದ ಅಳೆದು ಅಳೆದು ಗ್ಲೂಕೋಸ್ ಬಿಡಬೇಕು. ಕೊಬ್ಬು ತುಂಬಿದ ಯಕೃತ್ತು ಆ ಅಳತೆಯನ್ನು ಮರೆಯುತ್ತದೆ. ‘ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಸಕ್ಕರೆ ಏಕೆ ಹೆಚ್ಚಿರುತ್ತದೆ’ ಎಂದು ನೀವು ಕೇಳುವ ಪ್ರಶ್ನೆಗೆ ಉತ್ತರ ಇದರಲ್ಲಿದೆ.

‘ನಾನು ದಪ್ಪವಿಲ್ಲವಲ್ಲ’ ಎಂದು ಕೆಲವರು ಹೇಳುತ್ತಾರೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಅವರಿಬ್ಬರ ಚಿತ್ರವೊಂದು 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಬ್ಬರ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವೂ ಸರಿಯಾಗಿ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ನಮ್ಮ ಜನರಲ್ಲಿ ತೋಳು ಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿರುತ್ತದೆ, ಸ್ನಾಯು ಕಡಿಮೆಯಿರುತ್ತದೆ. ಆದ್ದರಿಂದಲೇ ತೂಕದ ಸೂಚ್ಯಂಕ 23 ದಾಟಿದರೆ ಏಷ್ಯಾದವರು ಎಚ್ಚರಗೊಳ್ಳಬೇಕು ಎನ್ನಲಾಗುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಟೇಲರ್ ಟೇಪು ಎಲ್ಲರ ಮನೆಯಲ್ಲೂ ಸಿಗುತ್ತದೆ, ತೂಕದ ಯಂತ್ರಕ್ಕಿಂತ ಅದು ಹೇಳುವ ಸತ್ಯ ಹೆಚ್ಚು.

ಇದರ ಬೇರು ಹುಟ್ಟುವ ಮೊದಲೇ ಇದೆ. ಪುಣೆಯ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5 ಕಿಲೋ ತೂಗುತ್ತಿದ್ದವು. ಸಣ್ಣ ಶಿಶುಗಳಲ್ಲಿ ಸ್ನಾಯು ಮತ್ತು ಅಂಗಾಂಗಗಳು ಕಿರಿದಾಗಿದ್ದವು, ಕೊಬ್ಬು ಮಾತ್ರ ಅಷ್ಟಾಗಿ ಕುಂದಿರಲಿಲ್ಲ. ನಮಗೆ ಹತ್ತಿರದ ಮೈಸೂರಿನಲ್ಲಿ, ಇಲ್ಲಿನ ಎಷ್ಟೋ ಮಂದಿ ಚಿಕಿತ್ಸೆಗೆ ಹೋಗಿಬಂದಿರುವ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ದಶಕಗಳ ಅನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ನಡುವಯಸ್ಸಿಗೆ ಬಂದಿದ್ದ ಆ ‘ಮಕ್ಕಳನ್ನು’ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಕಂಡಿತು. ಎಂದೋ ಒಬ್ಬ ದಾದಿ ಶಿಶುವನ್ನು ತಕ್ಕಡಿಯಲ್ಲಿಟ್ಟು ಶ್ರದ್ಧೆಯಿಂದ ಬರೆದಿಟ್ಟ ಸಂಖ್ಯೆ ಅರವತ್ತು ವರ್ಷಗಳ ಬಳಿಕ ನಮ್ಮೆಲ್ಲರಿಗೆ ತಿಳಿವಾಯಿತು ಎಂಬುದನ್ನು ನೆನೆದರೆ ನನಗೆ ಆ ಅಜ್ಞಾತ ಕೈಗಳ ಬಗ್ಗೆ ಗೌರವ ಉಕ್ಕುತ್ತದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಪಡಿತರದ ಕಾಲದಲ್ಲಿ ಗರ್ಭದಲ್ಲಿದ್ದು ಎಳವೆಯನ್ನು ಕಳೆದವರಿಗೂ ಅದು ಮುಗಿದ ಮೇಲೆ ಬಸಿರಾಗಿ ಹುಟ್ಟಿದವರಿಗೂ ಹೋಲಿಸಿದ 2024ರ ಅಧ್ಯಯನವೊಂದು, ಮೊದಲಿನವರಲ್ಲಿ ಟೈಪ್ 2 ಸುಮಾರು ಶೇ. 35ರಷ್ಟು ಕಡಿಮೆ ಎಂದು ತೋರಿಸಿತು. ತೊಟ್ಟಿಲಲ್ಲಿರುವ ಮಗುವಿನ ಬಾಯಿಗೆ ಸಕ್ಕರೆ ನೀರು, ಬಿಸ್ಕತ್ತು ಇಡುವ ನಮ್ಮ ಪ್ರೀತಿಯನ್ನು ಸ್ವಲ್ಪ ತಿದ್ದಿಕೊಳ್ಳೋಣ. ಇದು ಟೈಪ್ 2ರ ಮಾತು. ಆ ಒಂಬತ್ತು ವರ್ಷದ ಹುಡುಗನ ತಾಯಿ ಇದನ್ನು ತಮ್ಮ ಮೇಲೆ ಎಳೆದುಕೊಳ್ಳಬಾರದು.

ಈಗ ನಮ್ಮ ನೆಲದ ಮಾತಿಗೆ ಬರುತ್ತೇನೆ. ‘ನಮ್ಮ ಅಜ್ಜ ತಿಂದದ್ದನ್ನೇ ನಾವು ತಿನ್ನುತ್ತೇವೆ, ಅಜ್ಜನಿಗೆ ಬರದದ್ದು ನಮಗೇಕೆ ಬಂತು’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಳಿಗ್ಗೆ ಅಕ್ಕಿ ಒಟ್ಟಿ ಅಥವಾ ನೂಪುಟ್ಟು, ಮಧ್ಯಾಹ್ನ ಅನ್ನ, ಸಂಜೆ ಪಾಪುಟ್ಟು, ರಾತ್ರಿ ಮತ್ತೆ ಅನ್ನ, ನೆಂಟರು ಬಂದರೆ ಕಡಂಬಿಟ್ಟು: ಹೆಸರು ಐದಾದರೂ ಧಾನ್ಯ ಒಂದೇ. ಅಜ್ಜನೂ ಅದನ್ನೇ ಉಂಡದ್ದು ನಿಜ. ಆದರೆ ಅವರು ಬೆಳಕು ಹರಿಯುವ ಮೊದಲು ಗದ್ದೆಗಿಳಿಯುತ್ತಿದ್ದರು, ಉಳುತ್ತಿದ್ದರು, ಹೊರೆ ಹೊರುತ್ತಿದ್ದರು, ಸಂತೆಗೂ ನೆಂಟರ ಮನೆಗೂ ಬೆಟ್ಟ ಹತ್ತಿಳಿದು ನಡೆಯುತ್ತಿದ್ದರು. ಊಟದ ಗ್ಲೂಕೋಸ್‌ನ ಬಹುಪಾಲು ಸೇರಬೇಕಾದ ಕಣಜ ಸ್ನಾಯು. ದುಡಿಯುವ ಸ್ನಾಯು ಇನ್ಸುಲಿನ್‌ಗೂ ಕಾಯದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಇಂದು ಗದ್ದೆಗಳು ಅಲ್ಲಲ್ಲಿ ಪಾಳು ಬಿದ್ದಿವೆ, ತೋಟದ ಮೂಲೆಯವರೆಗೂ ಜೀಪು ಹೋಗುತ್ತದೆ. ತಟ್ಟೆ ಹಾಗೆಯೇ ಉಳಿಯಿತು, ನಡೆ ನಿಂತುಹೋಯಿತು. 21 ದೇಶಗಳ ಜನರನ್ನು ಅನುಸರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವುದಕ್ಕೂ ಮಧುಮೇಹಕ್ಕೂ ಇರುವ ನಂಟು ದಕ್ಷಿಣ ಏಷ್ಯಾದಲ್ಲಿಯೇ ಅತ್ಯಂತ ಬಲವಾಗಿ ಕಂಡಿತು.

ಅಕ್ಕಿಯನ್ನು ಬಿಡಿ ಎಂದು ಕೊಡಗಿನಲ್ಲಿ ನಿಂತು ನಾನು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ಮೂರು ಹೊತ್ತಿನಲ್ಲಿ ಒಂದು ಹೊತ್ತಿನ ಅಕ್ಕಿಯ ಜಾಗವನ್ನು ಕಾಳು, ಸೊಪ್ಪು, ಮೊಟ್ಟೆ, ಮೀನುಗಳಿಗೆ ಕೊಡಿ. ಮಳೆಗಾಲದ ಕಣಿಲೆ, ಅಣಬೆ, ಕೆಸುವಿನ ಸೊಪ್ಪು ನಾರು ತುಂಬಿದ ಆಹಾರಗಳು. ಅವು ತಟ್ಟೆಯ ಮೂಲೆಯಿಂದ ನಡುವಿಗೆ ಬರಲಿ. ಪಂದಿ ಕರಿಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಮಾಂಸದಿಂದ ಸಕ್ಕರೆ ನೇರವಾಗಿ ಏರುವುದಿಲ್ಲ, ಆದರೆ ಕೊಬ್ಬಿನ ತುಂಡುಗಳು, ಅದರೊಂದಿಗೆ ಎಣಿಸದೆ ಇಳಿಯುವ ಕಡಂಬಿಟ್ಟುಗಳು ಮತ್ತು ಮದ್ಯದ ಗ್ಲಾಸು, ಈ ಮೂರೂ ಸೇರಿ ಸೊಂಟಕ್ಕೆ ಹೋಗುತ್ತವೆ.

ಬೆಲ್ಲದ ಕಾಫಿಯ ವಿಚಾರದಲ್ಲಿ ನಾನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಬೆಲ್ಲ, ಜೇನು, ಸಕ್ಕರೆ ಇವುಗಳಲ್ಲಿ ಯಾವುದು ಹೊಟ್ಟೆಗೆ ಹೋದರೂ ರಕ್ತದ ಗ್ಲೂಕೋಸ್ ಏರುತ್ತದೆ. ಕಾಡಿನ ಜೇನಾದರೂ ಅಷ್ಟೇ. ಕಾಫಿ ಕುಡಿಯುವವರಲ್ಲಿ ಟೈಪ್ 2 ಸ್ವಲ್ಪ ಕಡಿಮೆ ಎಂದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ. ಅದು ನಂಟು ಮಾತ್ರ, ಕಾಫಿಯೇ ಕಾರಣವೆಂದು ಸಾಧಿತವಾಗಿಲ್ಲ. ನಮ್ಮ ಬೆಳೆಯೆಂದು ನಾನು ಹೆಚ್ಚಿಸಿ ಹೇಳಬಾರದು. ದಿನಕ್ಕೆ ಐದು ಲೋಟ ಸಿಹಿ ಕಾಫಿ ಕುಡಿದು ಆ ಲಾಭವನ್ನು ನಿರೀಕ್ಷಿಸುವಂತಿಲ್ಲ. ಕಿತ್ತಳೆಯನ್ನು ಹಣ್ಣಾಗಿ ತಿನ್ನಿ, ರಸವಾಗಿ ಕುಡಿಯಬೇಡಿ. ಕಕ್ಕಡ ಮಾಸದ ಮದ್ದುಸೊಪ್ಪಿನ ಪಾಯಸ ನಮ್ಮ ಸಂಪ್ರದಾಯದ ಚೆಲುವಾದ ಭಾಗ, ವರ್ಷಕ್ಕೊಮ್ಮೆ ಸಂತೋಷದಿಂದ ಉಣ್ಣೋಣ. ಅದು ಮಧುಮೇಹವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಮತ್ತು ಅದರಲ್ಲಿರುವ ಅಕ್ಕಿ ಬೆಲ್ಲಗಳು ಅಕ್ಕಿ ಬೆಲ್ಲಗಳಾಗಿಯೇ ಇರುತ್ತವೆ. ಹೊಗೆಸೊಪ್ಪಿನ ವಿಷಯ ಬಹಳ ಮಂದಿಗೆ ತಿಳಿಯದು: ಧೂಮಪಾನಿಗಳಲ್ಲಿ ಟೈಪ್ 2ರ ಸಂಭವ ಶೇ. 30ರಿಂದ 40ರಷ್ಟು ಹೆಚ್ಚು.

ಬರಲೇಬೇಕಿತ್ತು ಎಂದ ಬೆಳೆಗಾರರಿಗೆ ನಾನು ಹೇಳಿದ್ದು ಚೀನಾದ ದಾಚಿಂಗ್ ನಗರದ ಕಥೆ. ಅಲ್ಲಿ 1986ರಲ್ಲಿ ಗಡಿಯಲ್ಲಿದ್ದ 577 ಜನರನ್ನು ಆರಿಸಿ, ಕೆಲವರಿಗೆ ಆರು ವರ್ಷ ಆಹಾರ ಮತ್ತು ವ್ಯಾಯಾಮಗಳ ಮಾರ್ಗದರ್ಶನ ಕೊಟ್ಟರು. ಮೂವತ್ತು ವರ್ಷಗಳ ಬಳಿಕ ನೋಡಿದಾಗ ಆ ಗುಂಪಿನಲ್ಲಿ ಮಧುಮೇಹ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯಾಘಾತ, ಪಾರ್ಶ್ವವಾಯುಗಳೂ ಕಡಿಮೆಯಾಗಿದ್ದವು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೂಕವನ್ನು ಶೇ. 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟ ಗುಂಪಿನಲ್ಲಿ ಕಾಯಿಲೆ ಶೇ. 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 31. ನಮಗೆ ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಚೆನ್ನೈಯಲ್ಲಿ 531 ಜನರೊಂದಿಗೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ. ಮೂರು ವರ್ಷಗಳಲ್ಲಿ, ಏನೂ ಮಾಡದ ಗುಂಪಿನ ನೂರರಲ್ಲಿ 55 ಮಂದಿಗೆ ಮಧುಮೇಹ ಬಂದರೆ, ಊಟ ನಡಿಗೆಗಳನ್ನು ತಿದ್ದಿಕೊಂಡವರ ನೂರರಲ್ಲಿ ಸುಮಾರು 39 ಮಂದಿಗೆ ಬಂತು. ಅದರಲ್ಲಿ ತೂಕ ಹೇಳಿಕೊಳ್ಳುವಂತೆ ಇಳಿಯಲೇ ಇಲ್ಲ! ತೂಕ ಇಳಿಯಲಿಲ್ಲವೆಂದು ನಡಿಗೆ ಬಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಪ್ಪನಿಂದ ಬಂದ ವಂಶವಾಹಿ ನಮ್ಮನ್ನು ಗಡಿಗೆ ಹತ್ತಿರ ಹುಟ್ಟಿಸಬಹುದು. ಗಡಿ ದಾಟುವ ದಿನವನ್ನು ಅದೊಂದೇ ನಿಶ್ಚಯಿಸುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗೆ ಕಾಲಿಡಲಾಗದ ದಿನಗಳೇ ಹೆಚ್ಚು ಎಂಬುದನ್ನು ಬಲ್ಲೆ. ಆ ದಿನಗಳಲ್ಲಿ ಊಟವಾದ ಮೇಲೆ ಜಗಲಿಯಲ್ಲಿ ಹತ್ತು ಹದಿನೈದು ನಿಮಿಷ ನಡೆದರೂ ಆ ಊಟದ ಸಕ್ಕರೆಯ ಏರಿಕೆ ತಗ್ಗುತ್ತದೆ. ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದನ್ನು ಹತ್ತು ಸಲ ಮಾಡಿದರೆ ತೊಡೆಯ ದೊಡ್ಡ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. 1997ರಿಂದ ನಡೆದುಬಂದಿರುವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಓಡುವುದನ್ನು ನೋಡುವಾಗ ನನಗೆ ಅನಿಸುವುದು, ಈ ಓಟ ಬೇಸಿಗೆಯ ಒಂದು ತಿಂಗಳಿಗೆ ಮುಗಿಯದೆ ವರ್ಷವಿಡೀ ಇರಬಾರದೇ ಎಂದು.

ಗರ್ಭಾವಸ್ಥೆಯ ಮಧುಮೇಹ ಮೂರನೆಯದು. ಮಾಸು ಸ್ರವಿಸುವ ಹಾರ್ಮೋನುಗಳು ಎಲ್ಲ ಗರ್ಭಿಣಿಯರಲ್ಲೂ ಇನ್ಸುಲಿನ್‌ನ ಪ್ರಭಾವವನ್ನು ಕುಂದಿಸುತ್ತವೆ. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ತಯಾರಾಗದವರಲ್ಲಿ ಸಕ್ಕರೆ ಏರುತ್ತದೆ. ಲಕ್ಷಣ ಇರುವುದೇ ಇಲ್ಲವೆನ್ನಬಹುದು. ಆದ್ದರಿಂದ ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ಬಳಿಕ ರಕ್ತ ನೋಡುವ ಪರೀಕ್ಷೆಯನ್ನು ನಮ್ಮ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಅದು ಗರ್ಭಾವಸ್ಥೆಯ ಮಧುಮೇಹ. ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿಲ್ಲ, ತೋಟದ ಕೂಲಿಕಾರರು ವಾಸಿಸುವ ದೂರದ ಲೈನ್ ಮನೆಗಳಿಂದ ಬರುವ ಹೆಣ್ಣುಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತೆಂದು ನಾವು ಆ ತಾಯಿಯನ್ನು ಮರೆತುಬಿಡುತ್ತೇವೆ, ಅದೇ ನಮ್ಮ ದೊಡ್ಡ ಲೋಪ. ಅವಳಿಗೆ ಮುಂದೆ ಟೈಪ್ 2 ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾಗಿ ಆರು ವಾರ ಕಳೆದಾಗ ಒಂದು ಸಲ, ಅನಂತರ ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು. ಎದೆಹಾಲುಣಿಸುವುದು ತಾಯಿಯ ಆ ಅಪಾಯವನ್ನೂ ತಗ್ಗಿಸುತ್ತದೆ.

ಉಳಿದ ವಿಧಗಳು ವಿರಳವೆಂದು ಬಿಡುವಂತಿಲ್ಲ, ಏಕೆಂದರೆ ಅವುಗಳಲ್ಲಿಯೇ ನಾವು ವೈದ್ಯರೂ ಎಡವುತ್ತೇವೆ. ವರ್ಷಗಟ್ಟಲೆ ಅತಿಯಾಗಿ ಕುಡಿದವರಲ್ಲಿ ಮೇದೋಜ್ಜೀರಕ ಮತ್ತೆ ಮತ್ತೆ ಉರಿಯೂತಕ್ಕೆ ಒಳಗಾಗಿ ಒಣಗುತ್ತದೆ, ಅದರೊಂದಿಗೆ ಬೀಟಾ ಕೋಶಗಳೂ ಹೋಗುತ್ತವೆ. ಬೆನ್ನಿಗೆ ಹಾಯುವ ಹೊಟ್ಟೆನೋವು, ಎಣ್ಣೆಯಂತೆ ತೇಲುವ ಮಲ, ಇಳಿಯುವ ತೂಕ, ಅವುಗಳ ಹಿಂದೆ ಸಕ್ಕರೆ. ನಮ್ಮಲ್ಲಿ ಮದ್ಯ ಹಬ್ಬಕ್ಕೂ ಸಾವಿಗೂ ಹಿರಿಯರ ಎಡೆಗೂ ಇರುವ ವಸ್ತು. ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಆಚರಣೆಯ ಗುಟುಕು ದಿನನಿತ್ಯದ ಬಾಟಲಿಯಾದ ಮನೆಗಳಲ್ಲಿ ನಾನು ಕಂಡ ನಲವತ್ತರ ಹರೆಯದ ಗಂಡಸರ ಮುಖಗಳು ನನ್ನ ನೆನಪಿನಿಂದ ಹೋಗುವುದಿಲ್ಲ, ಮತ್ತು ಈ ಮಧುಮೇಹ ಪೂರ್ತಿಯಾಗಿ ತಡೆಯಬಹುದಾದದ್ದು. ಕುಡಿಯದ ತೆಳ್ಳನೆಯ ಯುವಕರಲ್ಲಿಯೂ ಮೇದೋಜ್ಜೀರಕದಲ್ಲಿ ಕಲ್ಲುಗಟ್ಟಿ ಮಧುಮೇಹ ಬರುವುದನ್ನು ನೆರೆಯ ಕೇರಳದಲ್ಲಿ ಬಹಳ ಹಿಂದೆಯೇ ಗುರುತಿಸಲಾಗಿತ್ತು; ಮರಗೆಣಸಿನ ಮೇಲೆ ಬಂದ ಅನುಮಾನ ಸಾಬೀತಾಗಲಿಲ್ಲ. ಉಬ್ಬಸಕ್ಕೆ, ಕೀಲುನೋವಿಗೆ ದೀರ್ಘಕಾಲ ತೆಗೆದುಕೊಳ್ಳುವ ಸ್ಟೀರಾಯ್ಡ್‌ಗಳೂ ಸಕ್ಕರೆಯನ್ನು ಏರಿಸುತ್ತವೆ. ವೈದ್ಯರು ಕೊಟ್ಟ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಬೇಡಿ, ಆದರೆ ಹೆಸರು ಬರೆಯದ ಪುಡಿ, ಗುಳಿಗೆಗಳನ್ನು ಸಂತೆಯಿಂದ ತರಬೇಡಿ. ಒಂದೇ ವಂಶವಾಹಿಯ ದೋಷದಿಂದ, ಮೂರು ತಲೆಮಾರುಗಳಲ್ಲಿ, ಇಪ್ಪತ್ತೈದರ ಒಳಗೆ, ತೆಳ್ಳಗಿರುವವರಿಗೂ ಬರುವ, ಇಂಗ್ಲಿಷ್ ಹೆಸರಿನ ಕಿರುರೂಪದಿಂದ ‘ಮೋಡಿ’ (MODY) ಎನ್ನಿಸಿಕೊಂಡ ಗುಂಪಿದೆ; ಅದರ ಕೆಲವು ಬಗೆಗಳಿಗೆ ಇನ್ಸುಲಿನ್ ಬೇಡ, ಸಣ್ಣ ಮಾತ್ರೆ ಸಾಕು. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಂಡ ಶಿಶುವಿಗೆ ವಂಶವಾಹಿ ಪರೀಕ್ಷೆ ಮಾಡಿಸಲೇಬೇಕು, ಕೆಲವು ಶಿಶುಗಳ ಚುಚ್ಚುಮದ್ದು ಅದರಿಂದ ತಪ್ಪಿಹೋಗುತ್ತದೆ.

ಇನ್ನೊಂದನ್ನು ತೋಟದ ಲೈನ್ ಮನೆಗಳನ್ನೂ ಹಾಡಿಗಳನ್ನೂ ನೆನೆದು ಹೇಳುತ್ತೇನೆ. ಬಾಲ್ಯದಿಂದ ಹೊಟ್ಟೆಗೆ ಸಾಲದೆ ಬೆಳೆದ, ತೀರ ತೆಳ್ಳಗಿನ ಯುವಜನರಲ್ಲಿ ಬರುವ ಮಧುಮೇಹವನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪ್ರತ್ಯೇಕ ವಿಧವೆಂದು ಗುರುತಿಸಿ 1999ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರೂ ಭಾಗಿಯಾದ ಸಂಶೋಧನೆಯ ಬಲದಿಂದ 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನು ಟೈಪ್ 5 ಎಂದು ಮತ್ತೆ ಮಾನ್ಯ ಮಾಡಿದೆ. ಇವರಲ್ಲಿ ಇನ್ಸುಲಿನ್ ಕಡಿಮೆ ಇರುತ್ತದೆ, ಆದರೆ ಟೈಪ್ 1ರಂತೆ ದೇಹ ತನ್ನನ್ನೇ ನಾಶಮಾಡಿಕೊಂಡಿರುವುದಿಲ್ಲ. ಇಂಥವರಿಗೆ ‘ಅನ್ನ ಕಡಿಮೆ ಮಾಡು, ತೂಕ ಇಳಿಸು’ ಎನ್ನುವುದು ಕ್ರೌರ್ಯವಾದೀತು. ಅವರ ಕಾಯಿಲೆಯ ತಡೆ ಅಂಗನವಾಡಿಯ ಮೊಟ್ಟೆಯಲ್ಲಿದೆ, ಬಸುರಿಯ ತಟ್ಟೆಯಲ್ಲಿದೆ, ಕೂಲಿಯ ಮೊತ್ತದಲ್ಲಿದೆ. ಸ್ಥೂಲತೆಯಿಂದ ಬರುವ ಮಧುಮೇಹದ ಬಗ್ಗೆ ನಾವು ಇಷ್ಟು ಮಾತಾಡುತ್ತೇವೆ, ಹಸಿವಿನಿಂದ ಬರುವುದರ ಬಗ್ಗೆ ಮಾತಾಡುವುದೇ ಇಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಪರೀಕ್ಷೆಯ ಸಂಖ್ಯೆಗಳನ್ನು ಬರೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಗಳ ಬಳಿಕ 200 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹ. ಲಕ್ಷಣಗಳಿಲ್ಲದವರಲ್ಲಿ ಇನ್ನೊಮ್ಮೆ ನೋಡಿ ಖಚಿತಪಡಿಸಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎರಡು ಗಂಟೆಗೆ 140ರಿಂದ 199, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಗಡಿ. ರಕ್ತಹೀನತೆ ಇರುವವರಲ್ಲಿ, ಕುಡುಗೋಲು ಕಣದ (ಸಿಕಲ್ ಸೆಲ್) ರಕ್ತದ ಕಾಯಿಲೆ ಕಾಣುವ ಬುಡಕಟ್ಟು ಸಮುದಾಯಗಳಲ್ಲಿ ಎಚ್‌ಬಿಎ1ಸಿ ತಪ್ಪು ಹೇಳಬಹುದು, ಅಲ್ಲಿ ಗ್ಲೂಕೋಸನ್ನೇ ನೋಡಬೇಕು. 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ನನಗೇನಾಗಿದೆ’ ಎಂದು ಕಳಿಸಿಬಿಡಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, ಮಗನಿಗೆ ಟೈಪ್ 1 ಇದೆ, ಅವನ ತಂಗಿಗೂ ಬರುತ್ತದೆಯೇ ಎಂದು ಕೇಳಿದರು. ಬರುವ ಸಂಭವ ನೂರರಲ್ಲಿ ಐದರಷ್ಟು. ಎಂದರೆ ತೊಂಬತ್ತೈದರಷ್ಟು ಬರುವುದಿಲ್ಲ. ಅವಳ ಸಿಹಿಯನ್ನೆಲ್ಲ ಕಸಿದುಕೊಂಡರೆ ಟೈಪ್ 1 ತಪ್ಪುವುದಿಲ್ಲ, ಆದ್ದರಿಂದ ಅವಳನ್ನು ಉಳಿದ ಮಕ್ಕಳಂತೆಯೇ ಬೆಳೆಸಿ. ಎಂದಾದರೂ ಅವಳು ಕಾರಣವಿಲ್ಲದೆ ಹೆಚ್ಚು ನೀರು ಕುಡಿಯತೊಡಗಿದರೆ, ರಾತ್ರಿ ಮೂತ್ರಕ್ಕೆ ಎದ್ದೆದ್ದು ಹೋದರೆ, ಚೆನ್ನಾಗಿ ಉಂಡರೂ ಸೊರಗಿದರೆ, ಮರುದಿನಕ್ಕೆ ಕಾಯಬೇಡಿ. ನಿಮ್ಮ ಮನೆಯಲ್ಲಿ ಮಗನಿಗೆಂದು ಇಟ್ಟಿರುವ ಗ್ಲೂಕೋಮೀಟರಿನಲ್ಲಿ ಹೊಸ ಸೂಜಿಯಿಂದ ಅಂದೇ ಅವಳ ಬೆರಳಿನ ಒಂದು ಹನಿ ರಕ್ತವನ್ನು ನೋಡಿ, 200 ದಾಟಿದ್ದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.